ಬಿಸಿಯಾದ ಮೇಲೆ ಓಡುತ್ತಿರುವಾಗಲೇ ಎಂಜಿನ್ ಬಂದ್

ಪ್ರಶ್ನೆ:
ಹಳೆಯ ಪೆಟ್ರೋಲ್ ಕಾರು, ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮುವ ಬಗೆ). 20-25 ನಿಮಿಷ ಓಡಿದ ಮೇಲೆ ಏಕಾಏಕಿ ಬಂದ್. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಪ್ಲಗ್, ಫ್ಯೂಯಲ್ ಫಿಲ್ಟರ್ ಹೊಸದು. ಇನ್ನೇನು ನೋಡಲಿ?

ಉತ್ತರ 1:
ಆರ್‌ಪಿಎಂ ಮುಳ್ಳು ಗಮನಿಸಿ. ಗಾಡಿ ಗೇರಿನಲ್ಲೇ ಉರುಳುತ್ತಿರುವಾಗ ಮುಳ್ಳು ಸೊನ್ನೆಗೆ ಬಿದ್ದರೆ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸುವುದು) ಮೇಲೆ. ಬಿಸಿಗೆ ಒಳಗಿನ ಕಾಯಿಲ್ ತಂತಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಎರಡು ಪಿನ್ನಿನ ಸೆನ್ಸರಾದರೆ ಗಾಡಿ ನಿಂತ ಕೂಡಲೇ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್ ನೋಡಿ. ಓಪನ್ (ತಂತಿ ತುಂಡಾದಂತೆ) ತೋರಿಸಿದರೆ ಬದಲಿಸಿ. ತಣ್ಣಗಾದ ಮೇಲೆ ಅಳೆದರೆ ಎಲ್ಲ ಸರಿಯೇ ಕಾಣುತ್ತದೆ, ಏಮಾರುವುದು ಅಲ್ಲೇ.

ಉತ್ತರ 2:
ಅದಕ್ಕೂ ಮೊದಲು, ಗಾಡಿ ನಿಂತಾಗ, ಫ್ಯೂಯಲ್ ಪಂಪಿನ ಸದ್ದು ಕೇಳಿಸಿಕೊಳ್ಳಿ, ಖರ್ಚಿಲ್ಲದ ಪರೀಕ್ಷೆ. ಇಗ್ನಿಷನ್ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಸುಮಾರು 2 ಸೆಕೆಂಡ್ 'ಗುಯ್' ಅನ್ನಬೇಕು. ಅನ್ನದಿದ್ದರೆ ಆ 2 ಸೆಕೆಂಡಿನೊಳಗೇ ಪಂಪ್ ಕನೆಕ್ಟರಿನಲ್ಲಿ 12 ವೋಲ್ಟ್ ಬರುತ್ತದೆಯೇ ನೋಡಿ. ಬಂದರೆ, ಅರ್ತ್ ಸರಿಯಿದ್ದರೆ, ಪಂಪೇ ಹೋಗಿದೆ. ಬರದಿದ್ದರೆ ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್) ನೋಡಿ. ರಿಲೇಯ ಬೆಸುಗೆ ಬಿರುಕು ಬಿಟ್ಟರೂ ಹೀಗೇ ಬಿಸಿಗೆ ಕೈಕೊಡುತ್ತದೆ.

ಪ್ರಶ್ನೆ ಕೇಳಿದವರು:
ಪಂಪ್ ಸದ್ದಿದೆ. ಮುಳ್ಳು ಸೊನ್ನೆಗೆ ಬಿತ್ತು. ಸೆನ್ಸರ್ ಅಳೆದೆ, ಓಪನ್!

ಉತ್ತರ 1:
ಸಿಕ್ಕಿತಲ್ಲ. ಹೊಸದನ್ನು ಕೂರಿಸುವಾಗ ತುದಿಗಂಟಿದ ಕಬ್ಬಿಣದ ಪುಡಿ ಒರೆಸಿ, ವೈರ್ ಸೈಲೆನ್ಸರ್ ಪೈಪಿಗೆ ತಾಗದಂತೆ ಕಟ್ಟಿ. ಬದಲಿಸುವವರೆಗೆ ಹೈವೇ ಬೇಡ: ಎಂಜಿನ್ ನಿಂತರೆ ಬ್ರೇಕ್ ಹಗುರ ಮಾಡುವ ಬೂಸ್ಟರ್ ಎರಡು ಮೂರು ಒತ್ತಿಗಷ್ಟೇ, ಪವರ್ ಸ್ಟೇರಿಂಗ್ ಕಲ್ಲಾಗುತ್ತದೆ.