ಹೊಸ ವೈರಸ್ ಬಂದರೆ ಶಾಲೆಯ ಆಟೋಟದ ಗತಿ ಏನು? ಅನುಭವ ಇರುವವರು ತಿಳಿಸಿ

ಕೇಳಿದವರು: ಪ್ರೌಢಶಾಲೆಯ ದೈಹಿಕ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಕಬಡ್ಡಿ, ಖೋ ಖೋ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲ ಸೇರಿ ನಲವತ್ತು ಮಕ್ಕಳು ತಯಾರಾಗುತ್ತಿದ್ದಾರೆ. 2020ರ ಮಾರ್ಚ್‌ನಲ್ಲಿ ಎಲ್ಲವೂ ಒಮ್ಮೆಲೇ ನಿಂತಾಗ ಶಾಲೆಗಳ ಕೈಯಲ್ಲಿ ಯಾವ ಯೋಜನೆಯೂ ಇರಲಿಲ್ಲ. ಮುಂದೆ ಇನ್ನೊಂದು ಹೊಸ ಸೋಂಕು ಬಂದರೆ ಮೊದಲು ಏನು ನಿಲ್ಲುತ್ತದೆ, ಏನನ್ನು ಉಳಿಸಿಕೊಳ್ಳಬಹುದು, ಜ್ವರ ಬಂದ ಮಗು ಮತ್ತೆ ಯಾವಾಗ ಮೈದಾನಕ್ಕೆ ಇಳಿಯಬಹುದು? ಹೆಡ್‌ಮಾಸ್ಟರಿಗೆ ಒಂದು ಪುಟದ ಯೋಜನೆ ಬರೆದು ಕೊಡಬೇಕು. ದಿನ, ಅಳತೆ, ಲೆಕ್ಕ ಸಮೇತ ಹೇಳಿದರೆ ಉಪಕಾರ.

ಉತ್ತರ: ಹಿರಿಯ ದೈಹಿಕ ಶಿಕ್ಷಕರು

ಮೇಡಂ, ಮೊದಲು ನಿಲ್ಲುವುದು ಮೈದಾನದ ಆಟವಲ್ಲ. ಊರೂರಿನ ಮಕ್ಕಳು ಒಂದೆಡೆ ಸೇರುವ ಕೂಟ, ಬಸ್ ಪ್ರಯಾಣ, ರಾತ್ರಿ ವಸತಿ, ಇವು ಮೂರು ಮೊದಲು ರದ್ದಾಗುತ್ತವೆ. ಕೋವಿಡ್ ಕಾಲದ ದಿನಾಂಕಗಳನ್ನು ನೆನಪಿಸಿಕೊಳ್ಳಿ. ರಾಜ್ಯದಲ್ಲಿ 9ರಿಂದ 12ನೇ ತರಗತಿಗಳು 2021ರ ಆಗಸ್ಟ್ 23ಕ್ಕೆ, 6ರಿಂದ 8 ಸೆಪ್ಟೆಂಬರ್ 6ಕ್ಕೆ, 1ರಿಂದ 5 ಅಕ್ಟೋಬರ್ 25ಕ್ಕೆ ಮತ್ತೆ ತೆರೆದವು. ಪಾಠವೇ ಇಷ್ಟು ತಡವಾದಾಗ ಕೂಟಗಳು ಇನ್ನೂ ಹಿಂದೆ ಬಿದ್ದವು. ಹರಿಯಾಣದ ಖೇಲೋ ಇಂಡಿಯಾ ಯೂತ್ ಗೇಮ್ಸ್ 2021ರಲ್ಲಿ ಆಗಬೇಕಾಗಿದ್ದದ್ದು 2022ರ ಜೂನ್‌ಗೆ ಹೋಯಿತು.

ಇದರಲ್ಲಿ ನಿಜವಾದ ನಷ್ಟ ವಯಸ್ಸಿನದು. 14ರ ಒಳಗಿನ ವಿಭಾಗದಲ್ಲಿ ಕೊನೆಯ ವರ್ಷ ಆಡಬೇಕಿದ್ದ ಮಗು, ಕೂಟ ತಪ್ಪಿದರೆ ಮುಂದಿನ ವರ್ಷ 17ರ ವಿಭಾಗದಲ್ಲಿ ದೊಡ್ಡವರ ಎದುರು ನಿಲ್ಲಬೇಕು. 17ರ ವಿಭಾಗದ ಕೊನೆಯ ವರ್ಷದವರಿಗೆ ಹೈಸ್ಕೂಲಿನ ಅವಕಾಶವೇ ಮುಗಿಯುತ್ತದೆ. ಅದಕ್ಕೇ ಈಗಲೇ, ಎಲ್ಲವೂ ಸರಿ ಇರುವಾಗಲೇ, ದಾಖಲೆ ಮಾಡಿಡಿ. ಪ್ರತಿ ಮಗುವಿನ 100 ಮೀಟರ್ ಓಟದ ಸಮಯ, ಉದ್ದ ಜಿಗಿತ, ಗುಂಡು ಎಸೆತದ ದೂರ, ಗುಂಡಿನ ತೂಕ, ಎಲ್ಲವನ್ನೂ ದಿನಾಂಕ ಹಾಕಿ ಬರೆಯಿರಿ. ಇಬ್ಬರು ಶಿಕ್ಷಕರು ಸಹಿ ಮಾಡಲಿ. ತಿಂಗಳಿಗೊಮ್ಮೆ ಸಾಕು. ಆಯ್ಕೆ ಪಂದ್ಯವೇ ನಡೆಯದ ವರ್ಷ, ಈ ಮಗು ಎಷ್ಟು ತಯಾರಾಗಿತ್ತು ಎಂದು ಯಾರಾದರೂ ಕೇಳಿದರೆ ತೋರಿಸಲು ಇದೊಂದೇ ಕಾಗದ.

ಇನ್ನೊಂದು, ತಂಡ ಕಟ್ಟುವ ರೀತಿ. ಅಂಕಣದಲ್ಲಿ ಕಬಡ್ಡಿಗೆ 7, ಖೋ ಖೋಗೆ 9, ವಾಲಿಬಾಲಿಗೆ 6 ಮಂದಿ ಬೇಕು. ಬದಲಿ ಆಟಗಾರರನ್ನು ಬೇರೆ ಸೆಕ್ಷನ್, ಬೇರೆ ಹಳ್ಳಿಯಿಂದ ಆರಿಸಿ. ಇಬ್ಬರು ರೈಡರ್‌ಗಳೂ ಒಂದೇ ಹಾಸ್ಟೆಲ್ ಕೋಣೆಯವರಾಗಿದ್ದರೆ ಒಂದೇ ಜ್ವರಕ್ಕೆ ತಂಡ ಕೂರುತ್ತದೆ. ವಾಲಿಬಾಲಿನಲ್ಲಿ ಸೆಟ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು, ಒಬ್ಬಳೇ ಇದ್ದರಂತೂ ಇಂದಿನಿಂದಲೇ ಇನ್ನೊಬ್ಬಳನ್ನು ತಯಾರು ಮಾಡಿ.

ಉತ್ತರ: ಮಕ್ಕಳ ವೈದ್ಯರು

"ಹೊಸ ವೈರಸ್" ಎಂಬ ಹೆಸರು ಕೇಳಿದ ಕೂಡಲೇ ನಾಲ್ಕು ವಿಷಯ ವಿಚಾರಿಸಿ. ಸೋಂಕು ತಗುಲಿ ಎಷ್ಟು ದಿನಕ್ಕೆ ಲಕ್ಷಣ ಬರುತ್ತದೆ? ಲಕ್ಷಣ ಬರುವ ಮೊದಲೇ ಹರಡುತ್ತದೆಯೇ? ಗಾಳಿಯಿಂದಲೋ, ಮುಟ್ಟುವುದರಿಂದಲೋ, ಎಂಜಲಿನಿಂದಲೋ? ಮಕ್ಕಳಲ್ಲಿ ಎಷ್ಟು ತೀವ್ರ? ಯಾವ ಆಟ ನಿಲ್ಲಿಸಬೇಕೆಂಬುದು ಈ ಉತ್ತರಗಳ ಮೇಲೆ ನಿಂತಿದೆ.

ಗೊತ್ತಿರುವ ಸೋಂಕುಗಳನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ಫ್ಲೂ ಲಕ್ಷಣಕ್ಕೆ ಒಂದು ದಿನ ಮೊದಲೇ ಹರಡಲು ಶುರುವಾಗಿ 5ರಿಂದ 7 ದಿನ ಹರಡುತ್ತದೆ. ಹಾಗಾಗಿ ಕೆಮ್ಮುವ ಮಗುವನ್ನು ಮನೆಗೆ ಕಳಿಸುವಷ್ಟರಲ್ಲಿ ಪಕ್ಕದವರಿಗೆ ತಗುಲಿರಬಹುದು. ದಡಾರ ಗುಳ್ಳೆ ಏಳುವ 4 ದಿನ ಮೊದಲು, ಎದ್ದ 4 ದಿನ ನಂತರವೂ ಹರಡುತ್ತದೆ. ಆ ಮಗು ಹೊರಟುಹೋದ ಮೇಲೂ ಕೋಣೆಯ ಗಾಳಿಯಲ್ಲಿ 2 ಗಂಟೆ ಉಳಿಯಬಲ್ಲದು. ಕಣ್ಣು ಕೆಂಪಾಗುವ ಕಾಯಿಲೆ ಹೆಚ್ಚಾಗಿ ಕೈ, ಟವೆಲ್‌ಗಳಿಂದ ಹರಡುವಂಥದ್ದು, ಅಲ್ಲಿ ಓಟ ನಿಲ್ಲಿಸಿ ಪ್ರಯೋಜನವಿಲ್ಲ, ಟವೆಲ್ ಹಂಚಿಕೊಳ್ಳುವುದು ನಿಲ್ಲಬೇಕು.

ಬಾವಲಿಗಳಿಂದ ಬರುವ ನಿಪಾ ವೈರಸ್ ಬೇರೆಯೇ ಲೆಕ್ಕ. ಅದು ಸುಲಭವಾಗಿ ಹರಡದು, ರೋಗಿಯ ತೀರ ಹತ್ತಿರದ ಸಂಪರ್ಕ ಬೇಕು. ಆದರೆ ಸಂಪರ್ಕಕ್ಕೆ ಬಂದವರನ್ನು 21 ದಿನ ನಿಗಾದಲ್ಲಿಡುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಕೇರಳದ ಕೋಝಿಕ್ಕೋಡ್‌ನಲ್ಲಿ ಬಂದಾಗ ಶಾಲೆಗಳನ್ನು ಮುಚ್ಚಿದ್ದರು. ಕೊಡಗು, ದಕ್ಷಿಣ ಕನ್ನಡ, ಚಾಮರಾಜನಗರದ ಗಡಿ ಶಾಲೆಗಳು ಆ ಕಡೆ ಸೌಹಾರ್ದ ಪಂದ್ಯಕ್ಕೆ ಹೋಗುವುದಿದ್ದರೆ ಇದು ನೆನಪಿರಲಿ. 21 ದಿನ ಎಂದರೆ ತಾಲ್ಲೂಕು, ಜಿಲ್ಲೆ ಎರಡೂ ಮಟ್ಟ ತಪ್ಪುವಷ್ಟು ಸಮಯ. ಬಾವಲಿ ಕಚ್ಚಿದ ಗುರುತಿರುವ, ಮರದಿಂದ ಬಿದ್ದ ಹಣ್ಣನ್ನು ಮೈದಾನದಲ್ಲಿ ಹೆಕ್ಕಿ ತಿನ್ನಬೇಡಿ ಎಂದು ಆ ಭಾಗದ ಮಕ್ಕಳಿಗೆ ಹೇಳಲೇಬೇಕು.

ಜ್ವರದ ಅಳತೆ: 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್. ಪ್ಯಾರಾಸಿಟಮಾಲ್ ಕೊಡದೆ ಪೂರ್ತಿ 24 ಗಂಟೆ ಜ್ವರ ಇಲ್ಲದಿದ್ದರೆ ಮಾತ್ರ ಶಾಲೆಗೆ. ಬೆಳಿಗ್ಗೆ ಮಾತ್ರೆ ಹಾಕಿ ಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಜ್ವರ ಮತ್ತೆ ಏರುತ್ತದೆ, ಅಷ್ಟರಲ್ಲಿ ಅಭ್ಯಾಸ ಮುಗಿದಿರುತ್ತದೆ. ಹಣೆಗೆ ಹಿಡಿಯುವ ಥರ್ಮಾಮೀಟರ್ ಬಿಸಿಲಲ್ಲಿ ನಿಂತವರಿಗೆ ಹೆಚ್ಚು, ಬೆವರಿದವರಿಗೆ ಕಡಿಮೆ ತೋರಿಸುತ್ತದೆ. 15 ನಿಮಿಷ ನೆರಳಲ್ಲಿ ಕೂರಿಸಿ, ಹಣೆ ಒರೆಸಿ ನೋಡಿ.

ಮಳೆಗಾಲದ ಕೂಟವಾದ್ದರಿಂದ ಒಂದು ಎಚ್ಚರಿಕೆ. ಎಲ್ಲರ ಗಮನ ಹೊಸ ವೈರಸ್ ಮೇಲಿರುವಾಗ ಡೆಂಗಿ ತಪ್ಪಿಹೋಗುತ್ತದೆ. ನೆಗಡಿ, ಕೆಮ್ಮಿಲ್ಲದೆ ಜೋರು ಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನೋವು ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಐಬುಪ್ರೊಫೆನ್, ಆಸ್ಪಿರಿನ್ ಕೊಡಬೇಡಿ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಸರಿಹೋಗಿದೆ ಎಂದು ವೈದ್ಯರು ಹೇಳುವವರೆಗೆ ಕಬಡ್ಡಿ ಬೇಡವೇ ಬೇಡ.

ಉತ್ತರ: ಕಬಡ್ಡಿ, ಖೋ ಖೋ ತರಬೇತುದಾರರು

ಉಸಿರಿನಿಂದ ಹರಡುವ ಸೋಂಕಾದರೆ ಕಬಡ್ಡಿ, ಕುಸ್ತಿ, ಜೂಡೊ ಮೊದಲು ನಿಲ್ಲಬೇಕು. ಕಬಡ್ಡಿಯಲ್ಲಿ ರೈಡರ್ 30 ಸೆಕೆಂಡ್ ಜೋರಾಗಿ ಉಲಿಯುತ್ತಾನೆ, ಎದುರಿನವರು ಒಂದು ತೋಳಿನ ದೂರದಲ್ಲಿ ಕೈ ಕೈ ಹಿಡಿದು ನಿಂತಿರುತ್ತಾರೆ, ಹಿಡಿತ ಬಿದ್ದಾಗ ನಾಲ್ಕೈದು ಮುಖಗಳು ಒಂದರ ಮೇಲೊಂದು. ಇದಕ್ಕಿಂತ ಹತ್ತಿರದ ಆಟ ಇನ್ನೊಂದಿಲ್ಲ.

ಆದರೆ ಕಬಡ್ಡಿ ನಿಲ್ಲಿಸುವುದು ಎಂದರೆ ಕಬಡ್ಡಿ ಹುಡುಗರನ್ನು ಮನೆಗೆ ಕಳಿಸುವುದಲ್ಲ. ಬೋನಸ್ ಗೆರೆ ಮುಟ್ಟಿ ಬರುವ ಕಾಲಿನ ಚಲನೆ, ಟೋ ಟಚ್, ತಿರುಗಿ ಒದೆಯುವ ಅಭ್ಯಾಸ ಇವಕ್ಕೆಲ್ಲ ಎದುರಾಳಿ ಬೇಡ, ಉಲಿಯುವುದೂ ಬೇಡ. ಹಿಡಿತದ ಅಭ್ಯಾಸಕ್ಕೆ ಹೊಟ್ಟು ತುಂಬಿದ ಗೋಣಿಚೀಲ ಸಾಕು. ಐದೈದು ಜನರ ಗುಂಪು ಮಾಡಿ, ವಾರವಿಡೀ ಅದೇ ಐವರು ಇರಲಿ. ಗುಂಪು ಬದಲಾಯಿಸಿದ ದಿನವೇ ಗುಂಪು ಮಾಡಿದ್ದರ ಅರ್ಥ ಹೋಗುತ್ತದೆ.

ಖೋ ಖೋದಲ್ಲಿ ಕೂತವರ ನಡುವೆ ಅಂತರವಿದೆ, ಅಕ್ಕಪಕ್ಕದವರು ಎದುರುಬದುರು ದಿಕ್ಕಿಗೆ ಮುಖ ಮಾಡಿರುತ್ತಾರೆ. ಕಿವಿಯ ಹಿಂದೆಯೇ "ಖೋ" ಎಂದು ಕೂಗುವುದೊಂದೇ ತೊಂದರೆ. ಅಭ್ಯಾಸದಲ್ಲಿ ಬೆನ್ನು ಮುಟ್ಟಿದರೆ ಸಾಕು, ಕೂಗು ಬೇಡ. ವಾಲಿಬಾಲ್, ಥ್ರೋಬಾಲ್‌ಗಳಲ್ಲಿ ನೆಟ್ ನಡುವೆ ಇರುವುದರಿಂದ ಅಪಾಯ ಇನ್ನೂ ಕಡಿಮೆ. ಅಥ್ಲೆಟಿಕ್ಸ್ ಕೊನೆಯವರೆಗೂ ನಡೆಯಬಲ್ಲದು.

ತುಂಬ ಜನ ತಪ್ಪುವುದು ಒಳಾಂಗಣದಲ್ಲಿ. ಚೆಸ್, ಕೇರಂ ಮೈ ಮುಟ್ಟದ ಆಟ ಎಂದು ನಡೆಸುತ್ತಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಇಬ್ಬರು ಒಂದು ಗಂಟೆ ಮುಖಾಮುಖಿ ಕೂರುವುದು ಬಯಲಿನ ರಿಲೇ ಓಟಕ್ಕಿಂತ ಅಪಾಯ. ಶಟಲ್ ಗಾಳಿಗೆ ಹೋಗುತ್ತದೆಂದು ಬ್ಯಾಡ್ಮಿಂಟನ್ ಹಾಲಿನ ಕಿಟಕಿಗಳನ್ನೆಲ್ಲ ಮುಚ್ಚಿರುತ್ತಾರೆ. ಆಟದ ನಡುವೆ ಕಿಟಕಿ ತೆರೆಯಲಾಗದಿದ್ದರೆ ಪ್ರತಿ 20 ನಿಮಿಷಕ್ಕೆ ಆಟ ನಿಲ್ಲಿಸಿ, ಎರಡೂ ಕಡೆಯ ಬಾಗಿಲು ತೆರೆದು, ಮಕ್ಕಳನ್ನು ಹೊರಗೆ ಕಳಿಸಿ.

ಉತ್ತರ: ಶಾಲಾ ಸ್ವಚ್ಛತೆ ನೋಡಿಕೊಳ್ಳುವವರು

ಬ್ಲೀಚ್ ಲೆಕ್ಕ ಕೊಡುತ್ತೇನೆ, ಇಲ್ಲೇ ಹೆಚ್ಚು ಎಡವಟ್ಟು ಆಗುವುದು. ಅಂಗಡಿಯ 5% ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 20 ಮಿಲಿ, ನೀರು ಒಂದು ಲೀಟರ್: 0.1% ಆಯಿತು. ಕಬಡ್ಡಿ ಮ್ಯಾಟ್, ಬೆಂಚು, ಬಾಗಿಲ ಹಿಡಿಗೆ ಇಷ್ಟು ಸಾಕು. ಶೌಚಾಲಯಕ್ಕೆ 1% ಬೇಕು: ಒಂದು ಪಾಲು ದ್ರಾವಣ, ನಾಲ್ಕು ಪಾಲು ನೀರು. ದ್ರಾವಣ ಸಿಗದಿದ್ದರೆ 30% ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್, ಲೀಟರ್ ನೀರಿಗೆ 33 ಗ್ರಾಂ ಹಾಕಿದರೆ 1% ಬರುತ್ತದೆ. ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಪೌಡರ್‌ನಲ್ಲಿ ಶಕ್ತಿ ಉಳಿದಿರುವುದಿಲ್ಲ. ಕಲಸಿದ್ದನ್ನು ಅಂದೇ ಬಳಸಿ ಮುಗಿಸಿ.

ಮೊದಲು ಸೋಪು ನೀರಲ್ಲಿ ಮಣ್ಣು, ಬೆವರು ತೊಳೆಯಬೇಕು. ಕೊಳೆಯ ಮೇಲೆ ಬ್ಲೀಚ್ ಹಾಕಿದರೆ ಅದು ಕೊಳೆಗೇ ಖರ್ಚಾಗುತ್ತದೆ. ಹತ್ತು ನಿಮಿಷ ಬಿಟ್ಟು ಬರೀ ನೀರಲ್ಲಿ ಒರೆಸಿ, ಇಲ್ಲದಿದ್ದರೆ ಮ್ಯಾಟ್ ಮೇಲೆ ಉರುಳುವ ಮಕ್ಕಳ ಚರ್ಮ ಉರಿಯುತ್ತದೆ. ಆ್ಯಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಮಕ್ಕಳ ಮೈಮೇಲೆ ಸಿಂಪಡಿಸುವುದಂತೂ ಕೂಡದು. ಚರ್ಮದ ಚೆಂಡಿಗೆ ಬ್ಲೀಚ್ ಬೇಡ, ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿ.

ಒಂದು ಮಾತು ಖಂಡಿತ: ಒರೆಸುವುದಕ್ಕಿಂತ ನೀರಿನ ವ್ಯವಸ್ಥೆ ಮುಖ್ಯ. ಡ್ರಮ್ಮಿನ ಪಕ್ಕ ಒಂದೇ ಲೋಟ ಇಡುವುದನ್ನು ಇಂದೇ ನಿಲ್ಲಿಸಿ. ಪ್ರತಿಯೊಬ್ಬರಿಗೂ ಹೆಸರು ಬರೆದ ಬಾಟಲಿ, ತುಂಬಿಕೊಳ್ಳಲು ನಲ್ಲಿ ಇರುವ ಡ್ರಮ್, ಪಕ್ಕದಲ್ಲಿ ಸೋಪು ಇರಲಿ.

ಮತ್ತೆ ಕೇಳಿದವರು:

ತುಂಬ ಉಪಯೋಗವಾಯಿತು. ಎರಡು ಪ್ರಶ್ನೆ ಉಳಿದಿವೆ. ಎಷ್ಟು ಮಕ್ಕಳಿಗೆ ಜ್ವರ ಬಂದರೆ ಇಡೀ ತಂಡ ನಿಲ್ಲಿಸಬೇಕು? ಮತ್ತೆ, ಆಯ್ಕೆ ತಪ್ಪುತ್ತದೆ ಎಂದು ಮಕ್ಕಳು ಜ್ವರ ಮುಚ್ಚಿಡುತ್ತಾರೆ. ಅದಕ್ಕೇನು ಮಾಡುವುದು?

ಉತ್ತರ: ಕ್ರೀಡಾ ವೈದ್ಯರು

ಎಣಿಕೆಯ ಬಗ್ಗೆ: ಆರೋಗ್ಯ ಇಲಾಖೆಯ ಆದೇಶ ಬಂದರೆ ಅದೇ ಅಂತಿಮ. ಅದು ಬರುವವರೆಗೆ ಶಾಲೆಯೇ ಇಟ್ಟುಕೊಳ್ಳಬಹುದಾದ ನಿಯಮ ಹೀಗಿರಲಿ. ಒಬ್ಬರಿಗೆ ಬಂದರೆ ಆ ಮಗು ಮನೆಗೆ, ಅದರ ಐವರ ಗುಂಪಿನ ಮೇಲೆ ಕಣ್ಣು. ಮೂರು ದಿನದೊಳಗೆ ಒಂದೇ ತಂಡದ ಇಬ್ಬರಿಗೆ ಅದೇ ಲಕ್ಷಣ ಕಂಡರೆ ತಂಡದ ಒಟ್ಟು ಅಭ್ಯಾಸ ನಿಲ್ಲಲಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಂದೇ ತಿಳಿಸಿ. ಎರಡು ತಂಡಗಳಲ್ಲಿ ಕಂಡರೆ ಹೊರಗಿನ ಪಂದ್ಯಗಳಿಗೆ ಹೋಗಬೇಡಿ. ಸಲಹೆಗೆ 104, ತುರ್ತಿಗೆ 108.

ಮತ್ತೆ ಆಟಕ್ಕೆ ಮರಳುವುದು ಇನ್ನೂ ಸೂಕ್ಷ್ಮ. ಕೋವಿಡ್ ನಂತರ ಮಕ್ಕಳಿಗೆ ಬಳಸಿದ ಏಳು ದಿನದ ಮೆಟ್ಟಿಲು ಹೊಸ ಉಸಿರಾಟದ ಸೋಂಕಿಗೂ ಒಳ್ಳೆಯ ಆರಂಭ. ಲಕ್ಷಣ ಪೂರ್ತಿ ಹೋದ ಮೇಲೆ 1, 2ನೇ ದಿನ 15 ನಿಮಿಷ ನಡಿಗೆ ಅಥವಾ ನಿಧಾನ ಓಟ. 3ನೇ ದಿನ 30 ನಿಮಿಷ, ಸುಲಭದ ಚಲನೆಗಳು. 4ನೇ ದಿನ 45 ನಿಮಿಷ. 5, 6ನೇ ದಿನ 60 ನಿಮಿಷ ಸಾಮಾನ್ಯ ಅಭ್ಯಾಸ. 7ನೇ ದಿನ ಪೂರ್ತಿ ಆಟ. ಮೊದಲೆರಡು ದಿನ ನಾಡಿ ಗರಿಷ್ಠ ಮಿತಿಯ 70% ದಾಟಬಾರದು. ಯಂತ್ರ ಬೇಡ: ಓಡುತ್ತಲೇ ಒಂದು ವಾಕ್ಯ ಪೂರ್ತಿ ಹೇಳಬಲ್ಲರೆ ಸರಿ, ಮಧ್ಯೆ ಉಸಿರು ಎಳೆದರೆ ವೇಗ ಹೆಚ್ಚಾಯಿತು.

ಇಷ್ಟೆಲ್ಲ ಏಕೆಂದರೆ ವೈರಸ್ ಹೃದಯದ ಸ್ನಾಯುವಿನ ಉರಿಯೂತಕ್ಕೂ ಕಾರಣವಾಗಬಹುದು. ಅಪರೂಪ, ಆದರೆ ಆ ಸ್ಥಿತಿಯಲ್ಲಿ ಜೋರಾಗಿ ಓಡಿದರೆ ಜೀವಕ್ಕೇ ಕುತ್ತು. ಎದೆನೋವು, ಎದೆ ಡವಡವ, ತಲೆ ಸುತ್ತಿ ಬೀಳುವುದು, ಮೊದಲಿಲ್ಲದ ಏದುಸಿರು, ಇದರಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿಸಿ ವೈದ್ಯರಲ್ಲಿಗೆ. ಇಸಿಜಿ ಆಗದೆ ಮೈದಾನಕ್ಕೆ ಬೇಡ. ನಾಲ್ಕು ದಿನಕ್ಕಿಂತ ಹೆಚ್ಚು ಜ್ವರ ಇದ್ದವರು, ಆಸ್ಪತ್ರೆ ಸೇರಿದ್ದವರು ವೈದ್ಯರ ಚೀಟಿ ಇಲ್ಲದೆ ಮೊದಲ ಮೆಟ್ಟಿಲನ್ನೂ ಹತ್ತುವುದು ಬೇಡ.

ಶಾಲೆ ತಿಂಗಳುಗಟ್ಟಲೆ ಮುಚ್ಚಿ ತೆರೆದರೆ ಕಾಯಿಲೆ ಬಾರದ ಮಕ್ಕಳಿಗೂ ಜಾಗ್ರತೆ ಬೇಕು. ಮೊದಲ ವಾರ ಹಳೆಯ ಅಭ್ಯಾಸದ ಅರ್ಧ, ಎರಡನೇ ವಾರ 70%, ಮೂರನೆಯದು 80%, ನಾಲ್ಕನೆಯದು 90%. ಕೂಟ ಹತ್ತಿರ ಇದೆ ಎಂದು ಮೊದಲ ದಿನವೇ 400 ಮೀಟರ್ ಓಡಿಸಿದರೆ ತೊಡೆಯ ಹಿಂದಿನ ಸ್ನಾಯು ಹರಿಯುತ್ತದೆ, ಆ ಮಗುವಿಗೆ ಕೂಟವೂ ಇಲ್ಲ.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯಿನಿ

ಜ್ವರ ಮುಚ್ಚಿಡುವುದಕ್ಕೆ ಮಕ್ಕಳನ್ನು ಬೈಯಬೇಡಿ ಮೇಡಂ. ಆಯ್ಕೆ ಒಂದೇ ದಿನ ಇಟ್ಟರೆ ಯಾವ ಮಗುವಾದರೂ ಮಾತ್ರೆ ನುಂಗಿ ಬಂದೇ ಬರುತ್ತದೆ. ಆಯ್ಕೆಗೆ ಎರಡು ದಿನ ಇಡಿ, ನಡುವೆ ಹತ್ತು ದಿನ ಅಂತರವಿರಲಿ. ಮೊದಲ ದಿನ ಕಾಯಿಲೆ ಎಂದು ತಿಳಿಸಿ ಮನೆಯಲ್ಲಿದ್ದ ಮಗುವಿಗೆ ಎರಡನೇ ದಿನ ಅವಕಾಶ. ಹತ್ತು ದಿನವೂ ಸಾಲದಷ್ಟು ಕಾಯಿಲೆಯಾದರೆ ನೀವು ತಿಂಗಳು ತಿಂಗಳು ಬರೆದಿಟ್ಟ ದಾಖಲೆ ನೋಡಿ ನಿರ್ಧರಿಸಿ. ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ, ಪ್ರಾರ್ಥನೆಯ ಹೊತ್ತಿನಲ್ಲಿ ಓದಿ ಹೇಳಿ. ಬರವಣಿಗೆಯಲ್ಲಿ ಇಲ್ಲದಿದ್ದರೆ ಮಕ್ಕಳು ನಂಬುವುದಿಲ್ಲ, ಅಪ್ಪ ಅಮ್ಮಂದಿರೂ ನಂಬುವುದಿಲ್ಲ.

ರಾತ್ರಿ ಉಳಿಯುವ ಕೂಟಕ್ಕೆ ಹೋಗುವ ಮೊದಲು ಪೋಷಕರ ಒಪ್ಪಿಗೆ ಪತ್ರದಲ್ಲಿ ಎರಡು ಸಾಲು ಸೇರಿಸಿ: ಅಲ್ಲಿ ಕಾಯಿಲೆಯಾದರೆ ಕರೆದೊಯ್ಯಲು ಯಾರು ಬರುತ್ತಾರೆ, ಅವರ ಫೋನ್ ನಂಬರ್ ಏನು. ಉಳಿದ ತಂಡವನ್ನು ಬಿಟ್ಟು ಆ ಮಗುವಿನ ಜೊತೆ ನಿಲ್ಲಲು ಇನ್ನೊಬ್ಬ ಶಿಕ್ಷಕರು ಹೊರಡಲೇಬೇಕು, ಹೆಣ್ಣುಮಕ್ಕಳಿದ್ದರೆ ಶಿಕ್ಷಕಿ. ಮಲಗಲು ಕೊಡುವ ತರಗತಿ ಕೋಣೆಯಲ್ಲಿ ಹಾಸಿಗೆಗಳ ನಡುವೆ ಒಂದು ಮೀಟರ್ ಬಿಟ್ಟು, ಒಬ್ಬರ ತಲೆ ಕಡೆಗೆ ಇನ್ನೊಬ್ಬರ ಕಾಲು ಬರುವಂತೆ ಮಲಗಿಸಿ. ಒಂದು ಸಣ್ಣ ಕೋಣೆಯನ್ನು ಖಾಲಿ ಇಡಲು ಆಯೋಜಕರನ್ನು ಮೊದಲೇ ಕೇಳಿ.

ಶಾಲೆ ಮುಚ್ಚಿದರೆ ಮೊದಲು ಕೈ ತಪ್ಪುವವರು ಹೆಣ್ಣುಮಕ್ಕಳು. ಹುಡುಗರು ಊರ ಬಯಲಲ್ಲಿ ಹೇಗೋ ಆಡಿಕೊಳ್ಳುತ್ತಾರೆ. ಹುಡುಗಿಯರು ಮನೆಗೆಲಸಕ್ಕೆ, ಕೂಲಿಗೆ, ಕೆಲವರು ಮದುವೆಗೆ ಹೋಗಿಬಿಡುತ್ತಾರೆ. 2020ರಲ್ಲಿ ವಿದ್ಯಾಗಮ ಎಂದು ಶಿಕ್ಷಕರು ಊರೂರಿಗೆ ಹೋಗಿ ಮರದಡಿ, ಗುಡಿ ಜಗಲಿಯಲ್ಲಿ ಪಾಠ ಮಾಡಿದ ಹಾಗೆ, ವಾರಕ್ಕೊಮ್ಮೆ ನಿಮ್ಮ ಹುಡುಗಿಯರ ಮನೆ ಬಾಗಿಲಿಗೆ ಹೋಗಿ ಬನ್ನಿ. ಎಲ್ಲರ ಮನೆಯಲ್ಲೂ ಫೋನ್ ಇರುವುದಿಲ್ಲ, ಅಭ್ಯಾಸವನ್ನು ಹಾಳೆಯಲ್ಲಿ ಬರೆದು ಕೊಡಿ: ಹಗ್ಗ ಜಿಗಿತ 3 ನಿಮಿಷದಂತೆ ಐದು ಸಲ, ಬಸ್ಕಿ 15ರಂತೆ ಮೂರು ಸಲ, ಗೋಡೆಗೆ ಚೆಂಡು ನೂರು ಸಲ. ಮಾಡಿದ ದಿನ ಅವರೇ ಟಿಕ್ ಹಾಕಲಿ. ಮುಂದಿನ ವಾರ ನೀವು ಹೋದಾಗ ಆ ಹಾಳೆಯನ್ನು ತಾಯಿಯ ಎದುರಿಗೇ ನೋಡಿ ಸಹಿ ಮಾಡಿ. ನಮ್ಮ ಹುಡುಗಿ ಇನ್ನೂ ತಂಡದಲ್ಲಿದ್ದಾಳೆ ಎಂದು ಮನೆಯವರಿಗೆ ಆಗ ತಿಳಿಯುತ್ತದೆ.