ಅಪ್‌ಡೇಟ್: ದಾವಣಗೆರೆಯಲ್ಲೇ ನಮ್ಮ ಮೆಟಲ್ ಆಲ್ಬಮ್ ಮುಗಿಯಿತು

ಲೇಬಲ್ (ಆಲ್ಬಮ್ ಹೊರತರುವ ಸಂಗೀತ ಕಂಪನಿ) ಇಲ್ಲದೆ, ಬೆಂಗಳೂರಿನ ಸ್ಟುಡಿಯೋಗೂ ಹೋಗದೆ ನಮ್ಮ ಬ್ಯಾಂಡ್ ಆಲ್ಟರ್ನೇಟಿವ್ ಮೆಟಲ್ (ಅಬ್ಬರದ ರಾಕ್ ಸಂಗೀತದ ಒಂದು ಬಗೆ) ಆಲ್ಬಮ್ ಮಾಡಬಹುದಾ ಅಂತ ಹಿಂದಿನ ಪೋಸ್ಟ್‌ನಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಮಾಡಿದೆವು.

ದೊಡ್ಡ ತಲೆನೋವು ಡ್ರಮ್ಸ್ ರೆಕಾರ್ಡ್ ಮಾಡುವ ಜಾಗ. ಕೊನೆಗೆ ಎಪಿಎಂಸಿ ಕಡೆ ನಮ್ಮ ಬೇಸಿಸ್ಟ್‌ನ (ಬೇಸ್ ಗಿಟಾರ್ ನುಡಿಸುವವನ) ಮಾವನ ಗೋಡೌನ್ ಸಿಕ್ಕಿತು. ತಗಡಿನ ಶೀಟಿನ ಕೆಳಗೆ ಸ್ನೇರ್ ಡ್ರಮ್ ಹೊಡೆದರೆ ಕಿವಿ ಗುಂಯ್ ಅನ್ನುತ್ತಿತ್ತು. ನೀವು ಹೇಳಿದಂತೆ ಸುತ್ತ ಕೌದಿ ಕಟ್ಟಿದೆವು, ಹಿಂದೆ ಮೆಕ್ಕೆಜೋಳದ ಚೀಲ ಪೇರಿಸಿದೆವು. ಗದ್ದಲ ಸಾಕಷ್ಟು ತಗ್ಗಿತು. ಲಾರಿ ಓಡಾಟ ನಿಂತ ಮೇಲೆ, ರಾತ್ರಿಯೇ ರೆಕಾರ್ಡಿಂಗ್. ಮಾವ ಬಂದು ಕೇಳಿ, 'ಇದು ಹಾಡೇನ್ರೋ, ಜಗಳೇನ್ರೋ?' ಅಂದರು!

ಗಿಟಾರ್ ಡ್ರಾಪ್ ಸಿ ಟ್ಯೂನಿಂಗ್, ಅಂದರೆ ತಂತಿ ಸಡಿಲಿಸಿ ಸ್ವರ ಮಾಮೂಲಿಗಿಂತ ತಗ್ಗಿಸಿದ್ದು. ದಪ್ಪ ತಂತಿ ಹಾಕಿದ ಮೇಲೆ ಸರಿಹೋಯಿತು. ರಿದಮ್ ಗಿಟಾರ್ ಎರಡು ಸಲ ನುಡಿಸಿ ಎಡ ಸ್ಪೀಕರ್‌ಗೊಂದು, ಬಲಕ್ಕೊಂದು ಇಟ್ಟೆವು.

ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುಂಚೆ ಸದ್ದು ಹದಗೊಳಿಸುವ ಕೊನೆಯ ಹಂತ) ಎಷ್ಟು ಜೋರು ಮಾಡಬೇಕು ಅಂತ ನಮ್ಮಲ್ಲೇ ಜಟಾಪಟಿ. ಸ್ಪಾಟಿಫೈ ಸಾಮಾನ್ಯವಾಗಿ -14 ಎಲ್‌ಯುಎಫ್‌ಎಸ್‌ಗೆ (ಸದ್ದಿನ ಜೋರು ಅಳೆಯುವ ಮಾನ) ಸದ್ದು ಹೊಂದಿಸುತ್ತದೆ, ಅದಕ್ಕಿಂತ ಜೋರಿದ್ದರೆ ತಗ್ಗಿಸುತ್ತದೆ. ಮತ್ತೆ ಹಾಡನ್ನು ಸುಮ್ನೆ ಹಿಂಡಿ ಹಿಪ್ಪೆ ಮಾಡುವುದೇಕೆ, ಅಲ್ವಾ?

ಐಎಸ್‌ಆರ್‌ಸಿ ಕೋಡ್ (ಪ್ರತಿ ರೆಕಾರ್ಡಿಂಗಿನ ಗುರುತು ಸಂಖ್ಯೆ) ಪ್ರತಿ ಹಾಡಿಗೂ ಡಿಸ್ಟ್ರಿಬ್ಯೂಟರೇ (ಹಾಡನ್ನು ಸ್ಪಾಟಿಫೈಯಂಥ ಕಡೆ ತಲುಪಿಸುವವರು) ಕೊಟ್ಟರು. ಸಾಹಿತ್ಯ, ಸಂಗೀತ ಬರೆದವರ ರಾಯಲ್ಟಿ ಲೆಕ್ಕ ಬೇರೆ. ಅದಕ್ಕೆ ಐಪಿಆರ್‌ಎಸ್ (ಅವರ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ) ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದೇವೆ.

ಆಲ್ಬಮ್ ಮುಂದಿನ ತಿಂಗಳು ಬರುತ್ತದೆ. ಸಿಡಿ ಕೇಳಿದವರಿಗೆ: ಸದ್ಯಕ್ಕಿಲ್ಲ, ದುಡ್ಡಿಲ್ಲ.