ಬ್ಲೂಟೂತಿನ ‘ಪೇರ್’ ಮತ್ತು ‘ಕನೆಕ್ಟ್’: ಎರಡಕ್ಕೂ ‘ಜೋಡಿಸು’ ಎಂದರೆ ಸಾಕೇ?

ಮಾನ್ಯರೇ,

ಕಾರಿನಲ್ಲಿ ಫೋನಿನ ಬ್ಲೂಟೂತ್ ಕೈಕೊಟ್ಟಾಗ ಏನು ಮಾಡಬೇಕೆಂದು ತಿಳಿಸುವ ಎರಡು ಪುಟಗಳ ಸೂಚನೆಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಪೇರ್’ ಮತ್ತು ‘ಕನೆಕ್ಟ್’ ಎಂಬ ಎರಡು ಕ್ರಿಯೆಗಳಿಗೆ ಬೇರೆಬೇರೆ ಪದಗಳು ಸಿಗದೆ ಬರವಣಿಗೆ ನಿಂತಿದೆ. ಬಲ್ಲವರು ನೆರವಾಗಬೇಕೆಂದು ಕೋರುತ್ತೇನೆ.

ಮೊದಲ ಕರಡಿನಲ್ಲಿ ಎರಡಕ್ಕೂ ‘ಜೋಡಿಸು’ ಎಂದೇ ಬರೆದು, ಓದಿ ನೋಡಲು ನಮ್ಮ ಭಾವನವರಿಗೆ ಕೊಟ್ಟೆ. ಫೋನನ್ನು ರೀಸೆಟ್ ಮಾಡಿಸಿದಂದಿನಿಂದ ಅವರ ಕಾರಿಗೆ ಬ್ಲೂಟೂತ್ ಹಿಡಿಯುತ್ತಿರಲಿಲ್ಲ. ‘ಹಳೆಯ ಜೋಡಣೆಯನ್ನು ತೆಗೆದು ಮತ್ತೆ ಜೋಡಿಸಿ’ ಎಂಬ ಸಾಲನ್ನು ಓದಿದವರೇ ಗೇರಿನ ಮುಂದಿದ್ದ ಚಾರ್ಜರಿನ ವೈರನ್ನು ಕಿತ್ತು, ತುದಿಯನ್ನು ಒರೆಸಿ, ಮತ್ತೆ ಚುಚ್ಚಿ, ‘ಆಗಲಿಲ್ಲವಲ್ಲ’ ಎಂದು ನನ್ನ ಮುಖ ನೋಡಿದರು. ತಪ್ಪು ಅವರದಲ್ಲ. ಮಂಚ ಜೋಡಿಸುತ್ತೇವೆ, ಪೈಪು ಜೋಡಿಸುತ್ತೇವೆ, ಕೈ ಜೋಡಿಸುತ್ತೇವೆ. ಒಂದಕ್ಕೊಂದು ತಾಗದೆ ನಮ್ಮಲ್ಲಿ ಜೋಡಣೆಯಾಗುವುದಿಲ್ಲ.

ಇಲ್ಲಿ ನಡೆಯುವುದು ಬೇರೆ. ‘ಪೇರ್’ ಮಾಡುವುದು ಒಮ್ಮೆ ಮಾತ್ರ: ಕಾರಿನ ಪರದೆಯಲ್ಲೂ ಫೋನಿನಲ್ಲೂ ಸಾಮಾನ್ಯವಾಗಿ ಒಂದೇ ಆರಂಕಿಯ ಸಂಖ್ಯೆ ಮೂಡುತ್ತದೆ (ಕಾರಿನ ಹಳೆಯ ಸ್ಟೀರಿಯೋ ಸೆಟ್ಟುಗಳಲ್ಲಾದರೆ 0000 ಅಥವಾ 1234 ಎಂದು ಒತ್ತಬೇಕಾಗುತ್ತದೆ), ನಾವು ಒಪ್ಪಿದ ಮೇಲೆ ಎರಡೂ ಒಂದು ಗುಟ್ಟಿನ ಕೀಲಿಯನ್ನು ತಮ್ಮತಮ್ಮಲ್ಲಿ ಉಳಿಸಿಕೊಳ್ಳುತ್ತವೆ. ‘ಕನೆಕ್ಟ್’ ಆಗುವುದಾದರೋ ದಿನನಿತ್ಯದ ಮಾತು. ಕಾರು ಚಾಲೂ ಮಾಡಿದಾಗ ಆ ಕೀಲಿಯಿಂದಲೇ ಪರಸ್ಪರ ಗುರುತು ಹಿಡಿದು ಕೂಡುತ್ತವೆ, ಫೋನು ಹಿಡಿದು ಇಳಿದು ಹೋದರೆ ಬೇರೆಯಾಗುತ್ತವೆ. ಭಾವನವರ ಫೋನು ರೀಸೆಟ್ಟಿನಲ್ಲಿ ತನ್ನ ಕೀಲಿಯನ್ನು ಕಳೆದುಕೊಂಡಿತ್ತು, ಕಾರು ಮಾತ್ರ ಹಳೆಯದನ್ನೇ ಹಿಡಿದು ಕೂತಿತ್ತು. ಕಾರಿನ ಪಟ್ಟಿಯಿಂದ ಫೋನಿನ ಹೆಸರನ್ನು ಅಳಿಸಿ ಹೊಸದಾಗಿ ‘ಪೇರ್’ ಮಾಡಿದ ಕೂಡಲೇ ಸರಿಹೋಯಿತು. ಎರಡು ಕ್ರಿಯೆಗಳಿಗೂ ಒಂದೇ ಪದ ಬಳಸಿದರೆ ಈ ಪರಿಹಾರವನ್ನು ಹೇಳಲು ದಾರಿಯೇ ಇರುವುದಿಲ್ಲ.

ನನಗೆ ಹೊಳೆದ ಒಂದು ಪದ ‘ಎಣೆ’. ಜೋಡಿ, ಸಮಾನ ಎಂಬ ಅರ್ಥಗಳುಳ್ಳ ಈ ಹಳಗನ್ನಡ ಪದ ಈಗ ‘ಎಣೆಯಿಲ್ಲದ’ ಎಂಬಲ್ಲಿ ಮಾತ್ರ ಉಸಿರಾಡುತ್ತಿದೆ. ಚಕ್ರವಾಕಕ್ಕೆ ಹಳೆಯ ಕವಿಗಳು ‘ಎಣೆವಕ್ಕಿ’ ಎನ್ನುತ್ತಿದ್ದರು. ಕವಿಸಮಯದ (ಕವಿಗಳಲ್ಲಿ ರೂಢಿಯಾದ ಕಲ್ಪನೆಯ) ಪ್ರಕಾರ ಆ ಹಕ್ಕಿಗಳು ರಾತ್ರಿಯಿಡೀ ಅಗಲಿದ್ದು ಬೆಳಗಾದಾಗ ಕೂಡುತ್ತವೆ. ಅಗಲಿದ್ದರೂ ಎಣೆತನ ಹೋಗುವುದಿಲ್ಲ. ‘ಪೇರ್’ ಮತ್ತು ‘ಕನೆಕ್ಟ್’ಗಳ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಆದರೆ ‘ಎಣೆ ಮಾಡಿ’ ಎಂಬ ಗುಂಡಿಯನ್ನು ಯಾರು ಒತ್ತುತ್ತಾರೆ? ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟಿದ್ದೇನೆ. ಸದ್ಯಕ್ಕೆ ‘ಪೇರ್’ಗೆ ‘ಪರಿಚಯಿಸು’, ‘ಕನೆಕ್ಟ್’ಗೆ ‘ಕೂಡು’ ಎಂದು ಇಟ್ಟುಕೊಂಡಿದ್ದೇನೆ. ‘ಫೋನನ್ನು ಕಾರಿಗೆ ಪರಿಚಯಿಸಿ’ ಎಂದಾಗ ಯಾರೂ ವೈರಿಗೆ ಕೈಹಾಕಲಾರರು ಎಂಬುದೇ ಅದರ ಹೆಚ್ಚುಗಾರಿಕೆ.

ಇನ್ನು ಪಟ್ಟಿಯಿಂದ ಹೆಸರು ಅಳಿಸುವ ‘ಫರ್ಗೆಟ್’ ಗುಂಡಿಯನ್ನು ‘ಮರೆತುಬಿಡಿ’ ಎಂದು ಕನ್ನಡಿಸಿದರೆ, ಮರೆಯಬೇಕಾದದ್ದು ಯಂತ್ರವೋ ನಾವೋ ತಿಳಿಯುವುದಿಲ್ಲ. ಬಹುವಚನದ ವಿಧಿರೂಪವಾದ್ದರಿಂದ ಹಾಳಾದ ಸೆಟ್ಟಿನ ಬಗ್ಗೆ ನಮಗೆ ಸಮಾಧಾನ ಹೇಳಿದಂತೆ ಕೇಳಿಸುತ್ತದೆ. ‘ಪಟ್ಟಿಯಿಂದ ತೆಗೆಯಿರಿ’ ಎಂದರೆ ಸಾಕೆಂದು ನನ್ನ ಅಭಿಪ್ರಾಯ.

ಕೊನೆಯ ತೊಡಕು ಆಡುಮಾತಿನದು. ‘ಬ್ಲೂಟೂತ್ ಹಿಡಿಯುತ್ತಿಲ್ಲ’ ಎಂಬುದು ಒಳ್ಳೆಯ ಕನ್ನಡವೇ. ರೇಡಿಯೋ ಹಿಡಿಯುತ್ತದೆ, ನೆಟ್‌ವರ್ಕ್ ಹಿಡಿಯುತ್ತದೆ. ಆದರೆ ಕಾರಿನ ಹೆಸರೇ ಫೋನಿನಲ್ಲಿ ಕಾಣದಿದ್ದರೂ, ಕಂಡು ಕೂಡದಿದ್ದರೂ, ಕೂಡಿದ ಮೇಲೆ ಕರೆ ಕೇಳಿಸಿ ಹಾಡು ಮಾತ್ರ ಕೇಳಿಸದಿದ್ದರೂ ಜನ ಇದನ್ನೇ ಹೇಳುತ್ತಾರೆ. ಮೂರಕ್ಕೂ ಮದ್ದು ಬೇರೆ: ಮೊದಲನೆಯದಕ್ಕೆ ಕಾರನ್ನು ‘ಪೇರಿಂಗ್’ (ಹೊಸ ಫೋನಿಗೆ ಕಾಣಿಸಿಕೊಳ್ಳುವ) ಸ್ಥಿತಿಗೆ ತರಬೇಕು, ಎರಡನೆಯದಕ್ಕೆ ಎರಡೂ ಕಡೆ ಹೆಸರು ಅಳಿಸಿ ಮತ್ತೆ ‘ಪೇರ್’ ಮಾಡಬೇಕು, ಮೂರನೆಯದಕ್ಕೆ ಆಂಡ್ರಾಯ್ಡ್ ಫೋನಾದರೆ ಅದರಲ್ಲಿ ಆ ಕಾರಿನ ಹೆಸರಿನ ಒಳಗೆ ಹಾಡಿನ ಧ್ವನಿಗೆಂದು ಪ್ರತ್ಯೇಕವಾಗಿರುವ ಆಯ್ಕೆಯನ್ನು ಒತ್ತಬೇಕು. ನಿಮ್ಮ ಊರಿನ ಗ್ಯಾರೇಜುಗಳಲ್ಲಿ, ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಈ ಮೂರನ್ನು ಬೇರ್ಪಡಿಸಿ ಹೇಳುವ ಮಾತುಗಳಿವೆಯೇ? ‘ಪರಿಚಯಿಸು’ ಎಂಬುದು ನಿಮ್ಮ ಕಿವಿಗೆ ಕೃತಕವೆನಿಸುತ್ತದೆಯೇ? ತಿಳಿಸಿದರೆ ಉಪಕಾರವಾಗುತ್ತದೆ.